ಎಂಜಿನ್ ಪಕ್ಕದ ಮೊರಗಳು

ನಂಜಮ್ಮ ಮನುಷ್ಯರನ್ನು ಎಂದೂ ಬೈದವಳಲ್ಲ. ಬೈಯುವುದೇನಿದ್ದರೂ ತನ್ನ ಮೊರಕ್ಕೆ ಹೇಳುತ್ತಿದ್ದಳು. ಎದುರಿಗೆ ಯಾರೇ ಬಂದು ನಿಲ್ಲಲಿ, ಮುಖವೆತ್ತಿ ನೋಡುತ್ತಿರಲಿಲ್ಲ. ಮೊರ ಕುಣಿಯುತ್ತಲೇ ಇರಬೇಕು, ಅಕ್ಕಿ ಹಿಂದಕ್ಕೆ ಸರಿಯುತ್ತಲೇ ಇರಬೇಕು, ತೌಡು ಮುಂದಕ್ಕೆ ಹಾರುತ್ತಲೇ ಇರಬೇಕು. ಆ ಕುಣಿತದ ನಡುವೆಯೇ ಮಾತು.

"ನೋಡ್ಲಾ ಮೊರ, ತೂಕದ ಗುಮಾಸ್ತಯ್ಯ ಬತ್ತಾವ್ನೆ. ಆವಯ್ಯನ ಬೆರ್ಳು ತಕ್ಕಡಿ ಕಲ್ಲಿಗಿಂತ ಬಾರ ಕಣ್ಲಾ."

ಗುಮಾಸ್ತನಿಗೆ ಕಿವಿ ಕೆಂಪಾಗುತ್ತಿತ್ತು. ಆದರೆ ಮೊರಕ್ಕೆ ಹೇಳಿದ ಮಾತಿಗೆ ಮನುಷ್ಯ ಉತ್ತರ ಕೊಟ್ಟರೆ ಅದು ತನಗೇ ಹೇಳಿದ್ದೆಂದು ಒಪ್ಪಿಕೊಂಡ ಹಾಗಲ್ಲವೆ? ಕೆಮ್ಮಿ ಮುಂದಕ್ಕೆ ಹೋಗಿಬಿಡುತ್ತಿದ್ದ.

ಯುದ್ಧದ ಕಾಲ ಅದು. ಹೊಳೆನರಸೀಪುರದ ರೈಲು ಸ್ಟೇಷನ್ನಿನ ಹತ್ತಿರ ಸಾಹುಕಾರ್ ಪುಟ್ಟಬಸಪ್ಪನವರ ಅಕ್ಕಿ ಮಿಲ್ಲು. ಒಳಗೆ ನೆರಳು, ಎಂಜಿನ್ನು, ಗಂಡಸರು. ಹೊರಗೆ ಕಣ, ಬಿಸಿಲು, ಮೂವತ್ತು ಹೆಂಗಸರು. ಮಿಲ್ಲಿನಿಂದ ಹೊರಬಿದ್ದ ಅಕ್ಕಿಯನ್ನು ಕೇರಿ, ನುಚ್ಚು, ತೌಡು, ಕಲ್ಲು ಬೇರೆ ಮಾಡಿ ಹಸನು ಮಾಡುವುದು ಅವರ ಕೆಲಸ. ನಂಜಮ್ಮ ಅವರ ಮುಂದಾಳು. ಆ ಪದವಿಯನ್ನು ಯಾರೂ ಕೊಟ್ಟದ್ದಲ್ಲ, ಆದ್ದರಿಂದ ಯಾರೂ ಕಿತ್ತುಕೊಳ್ಳಲೂ ಆಗುತ್ತಿರಲಿಲ್ಲ.

ನಾನು ಆಗ ಚನ್ನರಾಯಪಟ್ಟಣದ ಕಡೆಯಿಂದ ಹಳೆಯ ಗೋಣಿಚೀಲ ಕೊಂಡು ತಂದು ಮಿಲ್ಲುಗಳಿಗೆ ಮಾರುತ್ತಿದ್ದೆ. ಅಪ್ಪ ಬಿಟ್ಟುಹೋದದ್ದು ಏನೂ ಇರಲಿಲ್ಲ. ಇದ್ದದ್ದು ನಾಲಿಗೆ ಒಂದೇ. ಹರಿದ ಚೀಲಗಳನ್ನು ಕಟ್ಟಿನ ನಡುವೆ ಸೇರಿಸಿ, ಗಟ್ಟಿಯವನ್ನು ಮೇಲೂ ಕೆಳಗೂ ಇಡುವ ವಿದ್ಯೆ ಯಾರೂ ಕಲಿಸದೆ ಬಂದಿತ್ತು. ಮೊದಲ ಸಲ ಆ ಮಿಲ್ಲಿಗೆ ಹೋದಾಗ ಸಾಹುಕಾರರು ಮೇಲಿನ ಚೀಲ ಮುಟ್ಟಿ ನೋಡಿ ತಲೆಯಾಡಿಸಿದರು. ನಂಜಮ್ಮ ಕೂತಲ್ಲಿಂದಲೇ ಕಟ್ಟಿನ ನಡುವಿನ ಒಂದನ್ನು ಎಳೆದಳು. ತೂತಿನಲ್ಲಿ ಕೈ ತೂರಿಸಿ ಮೊರಕ್ಕೆ ತೋರಿಸಿದಳು.

"ಓಹೋ, ಕಿಟಕಿ ಮಡ್ಗವ್ನೆ ಕಣ್ಲಾ. ಅಕ್ಕೀಗೆ ಗಾಳಿ ಬರ್ಲಿ ಅಂತ."

ಕಣವೆಲ್ಲ ನಕ್ಕಿತು. ನಾನು ಕಟ್ಟು ಹೊತ್ತುಕೊಂಡು ಹೊರಡುವಾಗ ಹಿಂದಿನಿಂದ ಕರೆದಳು. "ಏಯ್ ಗೋಣಪ್ಪ, ಅರಿದಿದ್ನ ಮ್ಯಾಲ್ಮಡುಗು. ಕಂಡ ತೂತು ಯಾಪಾರ, ಕಾಣದ ತೂತು ಕಳ್ತನ."

ಅಂದಿನಿಂದ ನನ್ನ ಹೆಸರು ಗೋಣಪ್ಪ. ಆ ಮಾತಿನಂತೆ ಹರಿದದ್ದನ್ನು ಮೊದಲು ತೋರಿಸಿ ಮಾರತೊಡಗಿದೆ. ಗಿರಾಕಿಗಳಿಗೆ ಎಂಥ ನಂಬಿಕೆ ಬಂತೆಂದರೆ ಉಳಿದ ಚೀಲಗಳನ್ನು ಬಿಚ್ಚಿ ನೋಡುವುದನ್ನೇ ಬಿಟ್ಟರು. ಈಗ ಹೊಸದಾಗಿ ಅಂಗಡಿ ಇಡುವವರು ನನ್ನ ಬಳಿ ಸಲಹೆ ಕೇಳಲು ಬರುತ್ತಾರೆ. ಕೇಳದವರಿಗೂ ನಾನು ಈ ಮಾತನ್ನು ಹೇಳುತ್ತೇನೆ.

ಪುಟ್ಟಬಸಪ್ಪನವರಿಗೆ ಹಬ್ಬದ ಹುಚ್ಚು. ಪಂಚಾಂಗದಲ್ಲಿರುವ ಹಬ್ಬಗಳು ಸಾಲದೆಂದು ಎಂಜಿನ್ನು ಬಂದಿಳಿದ ದಿನವನ್ನೂ ಹಬ್ಬ ಮಾಡಿದ್ದರು. ಆವತ್ತು ಎಂಜಿನ್ನಿಗೆ ಹೊಸ ಪಂಚೆ, ಹಾರ, ಮುಂದೆ ಬಾಳೆಲೆಯಲ್ಲಿ ಎಡೆ. ಸಾಹುಕಾರರು ಅಕ್ಕಿಮೂಟೆಯ ಮೇಲೆ ನಿಂತು ಭಾಷಣ ಮಾಡುತ್ತಿದ್ದರು. "ನಾವೆಲ್ಲಾ ಒಂದೇ ಮನೇವ್ರು ಕಣ್ರಪ್ಪಾ. ನಾನು ಯಜಮಾನ ಅಲ್ಲ, ನಿಮ್ಮಣ್ಣ." ಹೀಗೆ ಹೇಳುವಾಗ ಅವರ ಕಣ್ಣಲ್ಲಿ ನಿಜವಾಗಿ ನೀರು ಬರುತ್ತಿತ್ತು. ಅವರು ಕಪಟಿಯಲ್ಲ, ಕಪಟಿಯಾಗಿದ್ದರೆ ಚೌಕಾಸಿ ಮಾಡಬಹುದಿತ್ತು. ತನ್ನ ಮಾತನ್ನು ತಾನೇ ನಂಬಿದವನ ಹತ್ತಿರ ಯಾವ ವ್ಯಾಪಾರವೂ ಸಾಗುವುದಿಲ್ಲ.

ಭಾಷಣವಾದ ಮೇಲೆ ಒಳಗಿನವರಿಗೆ ಪಾಯಸದೂಟ. ಕಣದ ಹೆಂಗಸರಿಗೆ ಬಾಗಿಲಲ್ಲಿ ಒಂದೊಂದು ಬೊಗಸೆ ಪುರಿ.

"ಕೇಳುಸ್ಕಂಡ್ಯೇನ್ಲಾ ಮೊರ?" ಎನ್ನುತ್ತಿದ್ದಳು ನಂಜಮ್ಮ. "ಒಂದೇ ಮನೆಯಂತೆ. ಒಳೀಕೆ ಕರ್ಯಾಕೆ ಬಾಕ್ಲು ಮಾತ್ರ ಸಿಕ್ಕಿಲ್ವಂತೆ. ಎಂಜಿನ್ಗೆ ಬಾಯಿಲ್ಲ, ಅದ್ರ ಮುಂದೆ ಎಲೆ. ಬಾಯಿರೋರ್ಗೆ ಪುರಿ."

ಒಂದು ವರ್ಷ ಆಯುಧಪೂಜೆಯ ದಿನ ನಾನು ಅಲ್ಲಿದ್ದೆ. ಎಂಜಿನ್ನು, ತಕ್ಕಡಿ, ಮೂಟೆ ಎಳೆಯುವ ಕೊಕ್ಕೆಗಳು, ಚೀಲ ಹೊಲಿಯುವ ದಬ್ಬಳ, ಸಾಹುಕಾರರ ಪೆನ್ನು, ಎಲ್ಲವನ್ನೂ ತೊಳೆದು ಅರಿಶಿನ ಕುಂಕುಮ ಹಚ್ಚಿ ಇಟ್ಟಿದ್ದರು. ನಂಜಮ್ಮ ಬಾಗಿಲಿಗೆ ಬಂದು, "ಬುದ್ಧಿ, ನಮ್ ಮೊರಾನೂ ಒಂದ್ಕಡೆ ಮಡುಗ್ಲಾ?" ಎಂದು ಕೇಳಿದಳು.

"ಮೊರ ನಿಮ್ಮನೇದು ಕಣಮ್ಮ," ಎಂದರು ಸಾಹುಕಾರರು. "ಇದು ಮಿಲ್ಲಿನ ಪೂಜೆ."

ಅದು ನಿಜ. ಗಂಡಸರಿಗೆ ಕೊಕ್ಕೆಯಿಂದ ದಬ್ಬಳದವರೆಗೆ ಎಲ್ಲವನ್ನೂ ಮಿಲ್ಲೇ ಕೊಡುತ್ತಿತ್ತು. ಹೆಂಗಸರು ಮಾತ್ರ ತಮ್ಮ ತಮ್ಮ ಮನೆಯ ಮೊರ ತರಬೇಕಿತ್ತು. ಪೂಜೆ ಮುಗಿದು ಗಂಡಸರು ಎಲೆಯ ಮುಂದೆ ಕೂತರು. ಪೂಜೆಗಿಟ್ಟ ಆಯುಧವನ್ನು ಮರುದಿನ ಪೂಜೆ ಕದಲಿಸುವವರೆಗೆ ಮುಟ್ಟುವಂತಿಲ್ಲವಾದ್ದರಿಂದ ಅವರಿಗೆ ರಜ. ಹೆಂಗಸರೂ ಮನೆಗೆ ಹೊರಡುವಾಗ ಸಾಹುಕಾರರು ತಡೆದರು.

"ನಾಳೆ ಸರ್ಕಾರದ ಅಕ್ಕಿಗೆ ವ್ಯಾಗನ್ನು ಬತ್ತದೆ ಕಣ್ರಮ್ಮಾ. ನಿಮ್ಮ ಮೊರ ಪೂಜೆಗಿಟ್ಟಿಲ್ವಲ್ಲ, ಮುಟ್ಟಾಕೆ ದೋಷ ಇಲ್ಲ. ಕೇರ್ಬುಡಿ."

ಮೂವತ್ತು ಹೆಂಗಸರು ಹಬ್ಬದ ದಿನ ಬಿಸಿಲಲ್ಲಿ ಕೂತು ಅಕ್ಕಿ ಕೇರಿದರು. ನಡುವೆ ಒಮ್ಮೆ ನಂಜಮ್ಮ ಮೊರ ಕೆಳಗಿಟ್ಟಳು. ನನಗೆ ಒಂದು ಹಿಡಿ ಅಕ್ಕಿ ಚಾಚಿದಳು. "ಪಾಯ್ಸದ ವಾಸ್ನೆ ಅಕ್ಕೀಗೂ ಅತ್ಕಂಡದೆ. ತಕ, ಮೂಸು." ಸ್ವಲ್ಪ ಹೊತ್ತಿನ ಮೇಲೆ, "ಬರೋ ವರ್ಸ ಈ ಮೂವತ್ತು ಮುಂಡೇವೂ ಒಳಗೆ ಎಲೆ ಮುಂದೆ ಕೂರ್ಬೇಕು ಗೋಣಪ್ಪ. ಇಲ್ದಿದ್ರೆ ನಾನು ಈ ಕಣಕ್ಕೆ ಕಾಲಿಡಾಕಿಲ್ಲ" ಎಂದಳು. ಮನೆಯಲ್ಲಿ ಕಣ್ಣು ಕಾಣದ ಅತ್ತೆ, ಮದುವೆಗೆ ಬಂದ ಮಗಳು. ದುಡಿಯುವ ಕೈ ಅವಳದೊಂದೇ. ಕಣಕ್ಕೆ ಕಾಲಿಡದಿದ್ದರೆ ಒಲೆಗೆ ಏನು ಇಡುತ್ತಾಳೆಂದು ನಾನು ಕೇಳಲಿಲ್ಲ.

ಸಾಹುಕಾರರಿಗೆ ನಾನೊಂದು ಮಾತು ಹೇಳಬೇಕೆಂದು ಕೇಳಿಕೊಂಡಳು. ವ್ಯಾಪಾರ ಮಾಡುವವನು ಎರಡು ಕಡೆಗೂ ನಗಬೇಕು. "ನೋಡಾಣ ನಂಜಕ್ಕ, ಸಮಯ ಬರ್ಲಿ," ಎಂದೆ. ಆಗ ಮೊರ ಮತ್ತೆ ಕುಣಿಯಿತು. "ಇವಯ್ಯನ ಚೀಲಕ್ಕೆ ಬಾಯಿ ಅದೆ, ಇವಯ್ಯಂಗೆ ಇಲ್ಲ ಕಣ್ಲಾ."

ಮುಂದಿನ ವರ್ಷ ಹೆಂಗಸರು ಹೊತ್ತು ಮೂಡುವ ಮೊದಲೇ ಬಂದು, ಸಗಣಿ ಮೆಂತ್ಯ ಸಾರಿಸಿ ಒಣಗಿಸಿದ್ದ ಮೂವತ್ತು ಮೊರಗಳನ್ನು ಎಂಜಿನ್ನಿನ ಸುತ್ತ ಬೆನ್ನು ಹೊರಗೆ ಮಾಡಿ ಒರಗಿಸಿದ್ದರು. ಒಂದೊಂದರ ಮೇಲೂ ಕುಂಕುಮದ ಬೊಟ್ಟು, ಸಂದಿಯಲ್ಲಿ ಚೆಂಡುಹೂವು. ಸಾಹುಕಾರರು ಬಂದವರೇ ಕೈ ತಟ್ಟಿದರು. "ಭೇಷ್! ಸೂರ್ಯ ಹುಟ್ಟಿದಂಗದೆ. ಯಾರಪ್ಪ ಅಲಂಕಾರ ಮಾಡಿದ್ದು?"

ಪೂಜಾರಪ್ಪ ಎಲ್ಲಕ್ಕೂ ನೀರು ಚಿಮುಕಿಸಿದ, ಅಕ್ಷತೆ ಹಾಕಿದ, ಮಂಗಳಾರತಿ ಎತ್ತಿದ, ಬೂದುಗುಂಬಳ ಒಡೆದ. ಆ ವರ್ಷವೂ ಮರುದಿನಕ್ಕೆ ವ್ಯಾಗನ್ನು.

"ಇನ್ನು ನೀವು ಕಣಕ್ಕೆ ನಡೀರಮ್ಮಾ," ಎಂದರು ಸಾಹುಕಾರರು.

"ಯಾವ್ದುರಲ್ಲಿ ಕೇರಾಣ ಬುದ್ಧಿ?"

"ಯಾವ್ದುರಲ್ಲಿ ಅಂದ್ರೆ? ಮೊರದಲ್ಲಿ."

"ಮೊರ ಪೂಜೆಗೆ ಕೂತದಲ್ಲ."

ಸಾಹುಕಾರರು ಎಂಜಿನ್ನಿನ ಕಡೆ ತಿರುಗಿದರು. ಅಲಂಕಾರವೆಲ್ಲ ಆಗ ಅವರಿಗೆ ಮೊರವಾಗಿ ಕಂಡಿತು. ಒಂದನ್ನು ಎತ್ತಲು ಕೈ ಚಾಚಿದರು. "ಮುಟ್ಬ್ಯಾಡಿ ಸ್ವಾಮಿ!" ಎಂದು ಪೂಜಾರಪ್ಪ ಕೂಗಿಕೊಂಡ. ಹಿಂದೊಮ್ಮೆ ಪೂಜೆಗಿಟ್ಟ ಪೆನ್ನನ್ನು ಯಾರೋ ಎತ್ತಿಕೊಂಡದ್ದಕ್ಕೇ ಎಂಜಿನ್ನಿನ ಬೆಲ್ಟು ಹರಿಯಿತೆಂದು ಸಾಹುಕಾರರು ಗಟ್ಟಿಯಾಗಿ ನಂಬಿದ್ದರು. ಚಾಚಿದ ಕೈ ಚಾಚಿದಲ್ಲೇ ನಿಂತಿತು. ಹೊಸ ಮೊರ ತರಲು ಮೇದರ ಬೀದಿಗೆ ಆಳು ಓಡಿದ. ಅವರೂ ಕತ್ತಿಯ ಜೊತೆ ಮೊರಗಳನ್ನೂ ಪೂಜೆಗಿಟ್ಟಿದ್ದಾರೆಂದು ಬರಿಗೈಯಲ್ಲಿ ಬಂದ. ಸಾಹುಕಾರರು ನನ್ನ ಮುಖ ನೋಡಿದರು. ನಾನು ಸೂರಿನ ಕಡೆ ನೋಡಿದೆ.

ನಂಜಮ್ಮನನ್ನು ಆ ಕ್ಷಣವೇ ಓಡಿಸಬಹುದಿತ್ತು. ಓಡಿಸಿದರೆ ಉಳಿದ ಇಪ್ಪತ್ತೊಂಬತ್ತು ಮಂದಿ ಹಿಂದೆಯೇ ಹೋಗುವುದು ಅವರ ನಿಲುವಿನಲ್ಲೇ ಕಾಣುತ್ತಿತ್ತು. ಹೋದರೆ ನಾಳಿನ ವ್ಯಾಗನ್ನಿಗೆ ಅಕ್ಕಿ ಹಸನು ಮಾಡುವವರು ಯಾರು? ಸಾಹುಕಾರರು ನಿಟ್ಟುಸಿರು ಬಿಟ್ಟು, "ಆಯ್ತು, ನಿಮ್ಗೂ ರಜ. ಹಿತ್ಲಲ್ಲಿ ಎಲೆ ಹಾಕುಸ್ತೀನಿ, ಉಣ್ಕೊಂಡು ಹೋಗಿ" ಎಂದರು.

"ಮೊರ ಎಂಜಿನ್ ಪಕ್ಕ ಕೂತದೆ ಬುದ್ಧಿ. ನಾವು ಇತ್ಲಲ್ಲಿ ಕೂತ್ರೆ ನಿಮ್ ಮನೆ ಎರಡಾಯ್ತದೆ. ಒಂದೇ ಮನೆ ಅಂತ ನೀವೇ ಅಂದಿದ್ರಲ್ಲ?"

ಸ್ವಂತ ಭಾಷಣ ಎದುರಿಗೆ ಬಂದು ನಿಂತರೆ ಎಂಥ ಸಾಹುಕಾರನೂ ಪಕ್ಕಕ್ಕೆ ಸರಿಯಬೇಕಾಗುತ್ತದೆ. ಹೆಂಗಸರು ಎಂಜಿನ್ ಮನೆಯೊಳಗೆ, ಗಂಡಸರ ಎದುರು ಸಾಲಿನಲ್ಲಿ ಕೂತರು. ಹೆಂಗಸರ ಎದುರು ಉಣ್ಣಲಾರೆನೆಂದು ತೂಕದ ಗುಮಾಸ್ತ ಒಬ್ಬನೇ ಎಲೆ ಎತ್ತಿಕೊಂಡು ಜಗಲಿಗೆ ಹೊರಟ. ಎಲೆ ಹರಿದು ಸಾರೆಲ್ಲ ಹಬ್ಬದ ಪಂಚೆಯ ಮೇಲೆ ಹರಿಯಿತು. ಅಲ್ಲಿ ಎದ್ದ ನಗೆಯಲ್ಲಿ ಗಂಡಸರ ದನಿ ಯಾವುದು, ಹೆಂಗಸರ ದನಿ ಯಾವುದು ಎಂದು ಹೇಳಲಾಗುತ್ತಿರಲಿಲ್ಲ. ಸಾಹುಕಾರರ ಅಷ್ಟು ವರ್ಷದ ಭಾಷಣದಿಂದ ಆಗದ್ದನ್ನು ಒಂದು ಹರಿದ ಎಲೆ ಮಾಡಿತು. ನಂಜಮ್ಮ ಪಾಯಸವನ್ನು ಮೂರು ಸಲ ಹಾಕಿಸಿಕೊಂಡು, "ಸಿಹಿ ಸಾಲ್ದು," ಎಂದಳು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನ. ಆದರೆ ಹರಿದದ್ದನ್ನು ಮೇಲಿಟ್ಟು ತೋರಿಸುವುದು ನನ್ನ ಕಸುಬು. ಮರುವರ್ಷದಿಂದ ಪುಟ್ಟಬಸಪ್ಪನವರು ಬಂದ ಅಧಿಕಾರಿಗಳಿಗೆಲ್ಲ, "ನಮ್ಮಲ್ಲಿ ಮೊರಕ್ಕೂ ಪೂಜೆ ಸಾರ್, ಭೇದ ಇಲ್ಲ," ಎಂದು ಎದೆಯುಬ್ಬಿಸಿ ಹೇಳತೊಡಗಿದರು. ಮನೆಯವರಾದ ಮೇಲೆ ಮನೆಗೆಲಸ ತಪ್ಪೀತೆ? ಹಬ್ಬದ ಹಿಂದಿನ ದಿನ ಎಂಜಿನ್ ಮನೆ ಗುಡಿಸುವುದು, ಸಾರಿಸುವುದು, ಹೂ ಕಟ್ಟುವುದು, ಊಟವಾದ ಮೇಲೆ ಎಲೆ ಎತ್ತುವುದು, ಎಲ್ಲ ಹೆಂಗಸರ ಪಾಲಿಗೆ ಬಂತು.

"ಮರ್ವಾದಿ ಸಿಕ್ತು ಗೋಣಪ್ಪ," ಎಂದಳು ನಂಜಮ್ಮ. "ಜೊತೇಲಿ ಪೊರ್ಕೇನೂ ಸಿಕ್ತು."

ಯುದ್ಧ ಮುಗಿದ ಮೇಲೆ ತೌಡು ಹಾರಿಸಿ ಕಲ್ಲು ಆರಿಸುವ ಹೊಸ ಯಂತ್ರ ಬಂತು. ಮೂವತ್ತರಲ್ಲಿ ಆರು ಮಂದಿ ಉಳಿದರು. ಮೊದಲು ಹೋದವಳು ನಂಜಮ್ಮ. ಅಷ್ಟರಲ್ಲಿ ಅತ್ತೆ ತೀರಿಕೊಂಡಿದ್ದಳು. ಅರಕಲಗೂಡಿಗೆ ಕೊಟ್ಟಿದ್ದ ಮಗಳ ಮನೆಗೆ ಹೋಗಿ ಹೊಗೆಸೊಪ್ಪು ವಿಂಗಡಿಸುವ ಕೆಲಸಕ್ಕೆ ಸೇರಿದಳು.

ಆ ವರ್ಷದ ಆಯುಧಪೂಜೆಗೆ ಸಾಹುಕಾರರು ಹಾಸನದಿಂದ ಪಟ ತೆಗೆಯುವವನನ್ನು ಕರೆಸಿದ್ದರು. "ಮಿಲ್ಲಿನ ಸಂಸಾರ" ಎಂದು ಕೆಳಗೆ ಬರೆಸಿ ತೂಗುಹಾಕುವ ಯೋಚನೆ. ಮೊದಲ ಸಾಲಿನಲ್ಲಿ ಕುರ್ಚಿಗಳು. ಸಾಹುಕಾರರ ಬಲಗಡೆಯ ಕುರ್ಚಿ ನನ್ನದು. ಆ ಹೊತ್ತಿಗೆ ಸುತ್ತಲ ಮಿಲ್ಲುಗಳಿಗೆಲ್ಲ ನನ್ನದೇ ಚೀಲ. ಅಲಂಕಾರಕ್ಕೆಂದು ಪೇಟೆಯಿಂದ ಒಂದು ಹೊಸ ಮೊರ ತಂದು ಪೂಜೆ ಮಾಡಿ ಎಂಜಿನ್ನಿನ ಪಕ್ಕ ಇಟ್ಟಿದ್ದರು. ಒಂದು ಕಾಳು ಅಕ್ಕಿಯನ್ನೂ ಕಾಣದ ಮೊರ.

ಎಲ್ಲರೂ ಉಸಿರು ಬಿಗಿಹಿಡಿದು ಕೂತಾಗ ಬಾಗಿಲಲ್ಲಿ ನಂಜಮ್ಮ ಕಂಡಳು. ಉಳಿದ ಆರು ಜನರನ್ನು ನೋಡಿಹೋಗಲು ಬಂದಿದ್ದಳು. ಹೊಸ ಕಾವಲುಗಾರ ಕೋಲು ಅಡ್ಡ ಹಿಡಿದು, "ಮಿಲ್ನೋರ್ಗೆ ಮಾತ್ರ ಕಣಮ್ಮ, ಆಚೆ ನಿಂತ್ಕ" ಎಂದ.

ಸಾಹುಕಾರರಿಗೆ ಗುರುತು ಹತ್ತಿತು. "ಬುಡ್ಲಾ, ಬುಡು! ನಮ್ ನಂಜಮ್ಮ. ಬಾರಮ್ಮ, ಆ ಮೊರ ಹಿಡ್ಕೊಂಡು ಕೊನೇಲಿ ನಿಂತ್ಕೊ. ಪಟಕ್ಕೆ ಚೆನ್ನಾಗಿರ್ತದೆ."

ನಂಜಮ್ಮ ಆ ಹೊಸ ಮೊರವನ್ನು ನೋಡಿದಳು, ಹಿಂದಿನ ಸಾಲಿನ ಆರು ಹೆಂಗಸರನ್ನು ನೋಡಿದಳು. "ಬ್ಯಾಡಿ ಬುದ್ಧಿ. ನಂಗೆ ಬಸ್ಸಿಗೆ ಒತ್ತಾಯ್ತು," ಎಂದು ತಿರುಗಿದಳು.

ನಾನು ಕುರ್ಚಿಯಿಂದ ಎದ್ದೆ. ಎದ್ದೆ ಎಂದರೆ, ಏಳಲು ಹೊರಟೆ. ಕರಿಯ ಬಟ್ಟೆಯೊಳಗಿನಿಂದ ಪಟದವನು, "ಅಲ್ಲಾಡ್ಬೇಡಿ ಸಾರ್!" ಎಂದು ಕಿರುಚಿದ. ನಂಜಮ್ಮ ಒಂದು ಸಲ ಹಿಂತಿರುಗಿ ನನ್ನನ್ನೇ ನೋಡಿದಳು.

"ಕೂತ್ಕಳಪ್ಪ ಕೂತ್ಕ. ಎದ್ರೆ ಕುರ್ಚಿ ಓಯ್ತದೆ," ಎಂದಳು.

ಕೂತೆ. ಅದೇ ಕೊನೆಯ ಸಲ ಅವಳನ್ನು ನೋಡಿದ್ದು. ಎರಡು ವರ್ಷದ ಮೇಲೆ ಅರಕಲಗೂಡಿಗೆ ಹೋದಾಗ, ಅವಳು ತೀರಿಹೋದಳೆಂದು ಮಗಳು ಹೇಳಿದಳು.

ಆ ಪಟ ಈಗಲೂ ಮಿಲ್ಲಿನ ಗೋಡೆಯ ಮೇಲಿದೆ. ಎಂಜಿನ್ನು ಸ್ಪಷ್ಟವಾಗಿ ಬಂದಿದೆ. ಪುಟ್ಟಬಸಪ್ಪನವರ ಮೀಸೆ ಬಂದಿದೆ, ಹೊಸ ಮೊರದ ಹೆಣಿಗೆ ಒಂದೊಂದೂ ಬಂದಿದೆ. ಸಾಹುಕಾರರ ಬಲಗಡೆ, ಅರ್ಧ ಎದ್ದು ಅರ್ಧ ಕೂತ ಒಬ್ಬನ ಮುಖದ ಜಾಗದಲ್ಲಿ ಬರಿಯ ಮಸುಕು. ಬಂದವರು ಇವರು ಯಾರೆಂದು ಕೇಳುತ್ತಾರೆ.