ಪೆನ್ಸಿಲ್ ಡಾಕ್ಟರು ಉಳಿಸಿದ ಕಿವಿ

ನನ್ನ ತಮ್ಮನಿಗೆ ಊರಲ್ಲಿ ಪೆನ್ಸಿಲ್ ಡಾಕ್ಟರು ಎಂದೇ ಹೆಸರು. ಓದಿದ್ದು ನನಗಿಂತ ಎರಡು ಕ್ಲಾಸು ಹೆಚ್ಚು, ಅಷ್ಟೇ. ಆದರೆ ಮೊಡವೆ, ಸಿಡುಬಿನ ಕಲೆ, ಕಣ್ಣ ಕೆಳಗಿನ ಕಪ್ಪು ಎಲ್ಲವೂ ಅವನ ಪೆನ್ಸಿಲ್ ಮೊನೆಗೆ ವಾಸಿಯಾಗುತ್ತಿದ್ದವು. ಮದ್ದೂ ಇಲ್ಲ, ಪಥ್ಯವೂ ಇಲ್ಲ.

ನಾವು ಕೆಲಸಕ್ಕಿದ್ದ ಫೋಟೋ ಸ್ಟುಡಿಯೋದ ಮುಂದಿನ ಕೋಣೆಯಲ್ಲಿ ಮಾಲೀಕರು ಫೋಟೋ ಹಿಡಿಯುವರು. ಹಿಂದಿನ ಕೋಣೆ ಇವನದು. ಇಳಿಜಾರಾದ ಗಾಜಿನ ಮೇಜು, ಅದರಡಿಗೆ ಒಂದು ಕನ್ನಡಿ. ಕಿಟಕಿಯ ಬೆಳಕು ಕನ್ನಡಿಗೆ ಬಿದ್ದು ಮೇಲಕ್ಕೆ ಪುಟಿದು, ಗಾಜಿನ ಮೇಲಿಟ್ಟ ನೆಗೆಟಿವ್ ಬೆಳಗುತ್ತಿತ್ತು. ಅದರ ಮೇಲೆಯೇ ಅವನ ಪೆನ್ಸಿಲ್ ಆಡುವುದು. ನೆಗೆಟಿವ್‌ನಲ್ಲಿ ಎಲ್ಲ ತಿರುಗುಮುರುಗು. ಇಪ್ಪತ್ತರ ಹುಡುಗಿಗೂ ತಲೆತುಂಬ ನರೆ. ಊರಿನ ಜನರನ್ನು ಇವನು ಗುರುತಿಟ್ಟುಕೊಂಡದ್ದು ಹಾಗೆಯೇ. ಬೀದಿಯಲ್ಲಿ ಯಾರಾದರೂ ಮಾತಾಡಿಸಿದರೆ ಪೆಚ್ಚುಪೆಚ್ಚಾಗಿ ನಗುವನು. ಆಮೇಲೆ ನನ್ನ ಕಿವಿಯಲ್ಲಿ, "ಯಾರಕ್ಕಾ ಅದು? ನೆಗೆಟಿವ್ ತೋರಿಸಿದ್ರೆ ಹೇಳಿಬಿಡ್ತಿದ್ದೆ" ಎನ್ನುವನು.

ಅವನು ಅಚ್ಚು ಹಾಕಿದ ಫೋಟೋಗಳನ್ನು ತೊಳೆದು ಹಗ್ಗಕ್ಕೆ ಕ್ಲಿಪ್ಪು ಹಾಕಿ ಒಣಗಿಸುವುದು ನನ್ನ ಕೆಲಸ. ಬಟ್ಟೆ ಒಗೆದ ಕೈಗೆ ಅದೇನು ಮಹಾ.

ಮುಖ ತಿದ್ದುವುದಲ್ಲದೆ ಅಂಚು ಕಟ್ಟುವುದೂ ಅವನದೇ ಕೆಲಸ. ಗುಂಪಿನ ಫೋಟೋದಲ್ಲಿ ಬೇಕಾದವರನ್ನು ಇಟ್ಟುಕೊಂಡು ಬೇಡವಾದ ಕಡೆಗೆ ಕಪ್ಪು ಕಾಗದದ ಪಟ್ಟಿ ಅಂಟಿಸುವನು. ಪಟ್ಟಿಯ ಅಡಿಗೆ ಬಂದದ್ದು ಅಚ್ಚಿಗೆ ಬರದು. ನೆಗೆಟಿವ್‌ಗೆ ಮಾತ್ರ ಎಂದೂ ಕತ್ತರಿ ತಾಗಿಸಿದವನಲ್ಲ.

ಒಂದು ಮಧ್ಯಾಹ್ನ ನಾವು ಬುತ್ತಿ ಬಿಚ್ಚಿ ಕೂತಿದ್ದಾಗ ಶಾಲೆಯ ಆಯಮ್ಮ ಬಂದಳು. ಇಪ್ಪತ್ತಾರು ವರ್ಷ ಚಿಕ್ಕಮಕ್ಕಳ ಮೂಗು ಒರೆಸಿ, ಗುಂಡಿ ಹಾಕಿ, ಸಾಲು ನಿಲ್ಲಿಸಿದವಳು. ಹಿಂದಿನ ವರ್ಷ ಪಾರ್ಶ್ವವಾಯು ಬಡಿದು ಬಾಯಿ ಎಡಕ್ಕೆ ವಾಲಿತ್ತು. ಕೈಕಾಲು ಸರಿಹೋದವು, ಬಾಯಿ ಸರಿಹೋಗಲಿಲ್ಲ. ಆ ಶನಿವಾರ ಅವಳ ಕೆಲಸದ ಕೊನೆಯ ದಿನ. ಶಾಲೆಯ ಪಡಸಾಲೆಯಲ್ಲಿ ಹಳೆಯ ಹೆಡ್ಮಾಸ್ಟರುಗಳ ಸಾಲಿನಲ್ಲಿ ಅವಳ ಫೋಟೋ ಹಾಕಬೇಕೆಂದು ತೀರ್ಮಾನವಾಗಿತ್ತು. ಮಾಲೀಕರು ಹೊಸದಾಗಿ ತೆಗೆದಿದ್ದ ಫೋಟೋವನ್ನು ಅವಳು ಮೇಜಿನ ಮೇಲೆ ಬೋರಲಾಗಿಟ್ಟಳು.

"ಡಾಕ್ಟ್ರೇ, ಇದನ್ನ ಗೋಡೆಗೆ ಹಾಕಿದ್ರೆ ನಾನು ಆ ಕಡೆ ತಲೆ ಹಾಕಲ್ಲ. ನನ್ನ ಕೈಲಿ ಬೆಳೆದ ಮಕ್ಕಳು ಇದನ್ನ ನೋಡಿ ಅಯ್ಯೋ ಪಾಪ ಅನ್ನಬೇಕಾ?"

"ಬಾಯಿ ನೇರ ಮಾಡಿಕೊಡ್ತೀನಿ ಬಿಡಿ."

"ಬೇರೆಯವಳ ಬಾಯಿ ನನಗ್ಯಾಕೆ? ನಂದೇ ಒಂದು ಹಳೇದು ಹುಡುಕಿಕೊಡಿ. ವರ್ಷಾ ವರ್ಷಾ ಶಾಲೆ ಫೋಟೋ ತೆಗೆಯೋವಾಗ ಮಕ್ಕಳ ಪಕ್ಕದಲ್ಲೇ ನಿಂತಿರ್ತಿದ್ದೆ. ಅಚ್ಚಾಗಿ ಬಂದಾಗ ನೋಡಿದ್ರೆ ನಾನೇ ಇಲ್ಲ! ಕ್ಯಾಮೆರಾ ಕಣ್ಣು ಅಷ್ಟು ದೂರ ಹಾಯಲ್ವೇನೋ ಅಂದ್ಕೊಂಡು ಸುಮ್ಮನಾದೆ."

ತಮ್ಮ ಅವಳ ಮುಖಕ್ಕಿಂತ ತಲೆಯನ್ನೇ ದಿಟ್ಟಿಸುತ್ತಿದ್ದ. ಹತ್ತಿಯಂಥ ಕೂದಲು, ನಡುಬೈತಲೆ.

"ನಿಮ್ಮನ್ನ ನಾನು ಬಲ್ಲೆ. ಈ ಬಿಳೀ ತಲೆ ಎಷ್ಟೋ ವರ್ಷದಿಂದ ನೋಡಿದೀನಿ."

"ಚೆನ್ನಾಗಿದೆ! ನನ್ನ ತಲೆ ಬೆಳ್ಳಗಾಗಿ ನಾಲ್ಕು ವರ್ಷ ಆಗಿಲ್ಲ."

ಅವನು ಕೈಯಲ್ಲಿದ್ದ ತುತ್ತನ್ನು ಹಾಗೇ ಡಬ್ಬಿಗೆ ಹಾಕಿದ. "ನಾಡಿದ್ದು ಬನ್ನಿ" ಎಂದಷ್ಟೇ ಹೇಳಿದ.

ಅವಳು ಮೆಟ್ಟಿಲಿಳಿದ ಮೇಲೆ, "ಏನೋ ಅದು, ಭೂತ ಕಂಡವನ ಹಾಗೆ?" ಎಂದೆ.

"ಅವಳನ್ನ ಅಳಿಸ್ತಿದ್ದದ್ದು ನಾನೇ ಕಣಕ್ಕ. ಎಡಗಡೆ ಕೊನೇಲಿ ಒಬ್ಬಳು ನಿಂತಿರ್ತಿದ್ದಳು, ಬಲಗಡೆ ಯಾರೂ ಇರ್ತಿರಲಿಲ್ಲ. ಫೋಟೋ ವಾಲಿದ ಹಾಗೆ ಕಾಣ್ತಿತ್ತು. ಪ್ರತಿ ವರ್ಷ ಪಟ್ಟಿ ಅಂಟಿಸಿಬಿಡ್ತಿದ್ದೆ. ಯಾರು ಅಂತ ಒಂದು ದಿನಾನೂ ಕೇಳಲಿಲ್ಲ."

ಅಟ್ಟದ ಮೇಲಿಂದ ಹಳೆಯ ನೆಗೆಟಿವ್‌ಗಳ ಡಬ್ಬಿಗಳನ್ನು ಇಳಿಸಿಕೊಟ್ಟೆ.

ಎರಡು ದಿನ ಬೇರೆ ಯಾವ ಮುಖಕ್ಕೂ ಮದ್ದು ಸಿಗಲಿಲ್ಲ. ಈಚಿನ ವರ್ಷದಿಂದ ಹಿಂದಕ್ಕೆ ಶಾಲೆಯ ಒಂದೊಂದೇ ನೆಗೆಟಿವ್ ಗಾಜಿನ ಮೇಲಿಟ್ಟು, ಒಣಗಿ ಹಪ್ಪಳವಾಗಿದ್ದ ಕಪ್ಪು ಪಟ್ಟಿಯನ್ನು ಒದ್ದೆ ಹತ್ತಿಯಿಂದ ನೆನೆಸಿ ಬಿಡಿಸುವನು. ಪಟ್ಟಿಯಡಿಗೆ ಆಯಮ್ಮ ಇರುತ್ತಿದ್ದಳು. ಆದರೆ ಮಂಜು ಮಂಜು. ಮಾಲೀಕರು ಗುಂಡಿ ಒತ್ತುವ ಹೊತ್ತಿಗೇ ಅವಳು ಯಾರದೋ ಕಾಲರ್ ಎಳೆಯುತ್ತಲೋ ಬಗ್ಗುತ್ತಲೋ ಇದ್ದಳು. ಒಂದರಲ್ಲಿ ಮುಖವೇ ಇಲ್ಲ, ಬರೀ ಬೆನ್ನು. ಹದಿನಾರು ವರ್ಷದ್ದು ಹೀಗೆಯೇ ಹೋಯಿತು. "ಉಳಿದದ್ದೂ ಹೀಗೇ ಆದ್ರೆ ಅವಳಿಗೆ ಯಾವ ಮುಖ ತೋರಿಸಲಕ್ಕಾ?" ಎಂದ.

ಹದಿನೇಳನೆಯದರಲ್ಲಿ ಸಿಕ್ಕಳು! ರೆಪ್ಪೆ ಎಣಿಸುವಷ್ಟು ಸ್ಪಷ್ಟ. ಬಾಯ್ತುಂಬ ಬೈಗುಳ, ಕಣ್ತುಂಬ ನಗು. ಎಡಗೈಯಲ್ಲಿ ಒಬ್ಬ ಪೋರನ ಕಿವಿ. ಹಿಂಡಿ ಹಿಡಿದದ್ದರಿಂದಲೇ ಇಬ್ಬರೂ ಅಲ್ಲಾಡಿರಲಿಲ್ಲ.

ಹೆಡ್ಮಾಸ್ಟರುಗಳ ಫೋಟೋದ ಹಾಗೆ ಕತ್ತು, ಭುಜದವರೆಗೆ ಮಾತ್ರ ಉಳಿಸಿ ಅವನು ಅಚ್ಚು ಹಾಕಿದ. ತೊಳೆಯುವಾಗ ನೀರಿನಲ್ಲಿ ಅವಳು ನಗುತ್ತಿದ್ದಳು. ಚೆನ್ನಾಗಿತ್ತು. ಆದರೂ ಏನೋ ಒಂದು ಕಮ್ಮಿ ಎನಿಸಿತು.

ಆಯಮ್ಮ ಬಂದಳು. ಫೋಟೋವನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ನಾನೇ ಕಣ್ರೀ ಇದು. ಆದ್ರೆ ಯಾರನ್ನ ನೋಡಿ ಹೀಗೆ ಹಲ್ಲು ಕಿರೀತಿದ್ದೆ? ಒಬ್ಬಳೇ ನಗೋಕೆ ನನಗೇನು ಹುಚ್ಚೇ?"

ತಮ್ಮ ಒಮ್ಮೆ ನನ್ನ ಕಡೆ ನೋಡಿದ. ಹೇಳೋ ಎಂದು ನಾನು ಕಣ್ಸನ್ನೆ ಮಾಡಿದೆ. "ಆಯಮ್ಮಾ, ನಿಮ್ಮನ್ನ ಇಷ್ಟು ವರ್ಷ ಕತ್ತರಿಸಿ ಹಾಕಿದ್ದು ನಾನೇ" ಎಂದು ಹೇಳಿ, ಪಟ್ಟಿಯಿಲ್ಲದೆ ಅಚ್ಚು ಹಾಕಿದ ಇಡೀ ಫೋಟೋವನ್ನು ಮುಂದಿಟ್ಟ.

"ನಿನ್ನ ಮನೆ ಹಾಳಾಗ! ನೀನೇನಾ? ಪಾಪ, ಆ ಕ್ಯಾಮೆರಾನ ಇಪ್ಪತ್ತಾರು ವರ್ಷ ಬೈದ್ಕೊಂಡೆನಲ್ಲೋ!" ಎಂದವಳೇ ಸೆರಗು ಬಾಯಿಗಿಟ್ಟು ನಕ್ಕಳು. ತಮ್ಮನ ಭುಜ ಸಡಿಲವಾಯಿತು. ಆಮೇಲೆ ಅವಳ ಕಣ್ಣು ಫೋಟೋದಲ್ಲಿ ತನ್ನ ಕೈಯಲ್ಲಿದ್ದ ಕಿವಿಯ ಮೇಲೆ ಬಿತ್ತು.

"ಇದು ಇರಬೇಕು. ಕಿವಿ ಇಲ್ಲದಿದ್ರೆ ಆ ನಗುವಿಗೆ ಅರ್ಥ ಇಲ್ಲ."

"ಗೋಡೆ ಮೇಲೆ ಶಿಸ್ತಾಗಿ ಕಾಣಲ್ಲ, ಆಯಮ್ಮ."

"ಶಿಸ್ತು ಕಲಿಸ್ತಿರೋದೇ ಅದ್ರಲ್ಲಿ, ಕಾಣಿಸಲ್ವಾ?"

ಇಡೀ ಹುಡುಗನನ್ನೇ ಇಡೋಣವೆಂದು ತಮ್ಮ ಸ್ಕೇಲ್ ಬಲಕ್ಕೆ ಸರಿಸಿದ. ಅವಳು ತಡೆದಳು. ಹುಡುಗ ಕಣ್ಣಲ್ಲಿ ನೀರು ತುಂಬಿಕೊಂಡಿದ್ದ.

"ಅಳೋ ಮುಖ ಊರಿಗೆಲ್ಲ ತೋರಿಸಬಾರದು. ಈಗ ಹೆಂಡತಿ ಮಕ್ಕಳು ಇರೋನು." ಬೆರಳಿನಿಂದ ತಾನೇ ಗೆರೆ ಎಳೆದಳು, ಹುಡುಗನ ಕಿವಿ ಒಳಗೆ, ಕೆನ್ನೆ ಹೊರಗೆ. "ಇಲ್ಲಿಗೆ ಕತ್ತರಿಸಿ."

ನನ್ನ ತಮ್ಮ ಅಷ್ಟು ಜತನವಾಗಿ ಅಂಚು ಕಟ್ಟಿದ್ದನ್ನು ನಾನು ನೋಡಿಲ್ಲ. ಮುಖಕ್ಕೆ ಪೆನ್ಸಿಲ್ ಮುಟ್ಟಿಸಲೇ ಇಲ್ಲ.

ಶನಿವಾರ ಪಡಸಾಲೆಯಲ್ಲಿ ಗಂಟುಮುಖದ ಹೆಡ್ಮಾಸ್ಟರುಗಳ ಪಕ್ಕ ಅವಳ ನಗು ನೇತಾಡಿತು. ನೋಡಲು ಬಂದಿದ್ದ ಹಳೆಯ ಹುಡುಗರಲ್ಲಿ ಜಗಳವೇ ಶುರುವಾಯಿತು. ಬೇಕರಿಯವನು ಅದು ತನ್ನ ಕಿವಿ ಎಂದ. ಲಾರಿ ಡ್ರೈವರು, "ಹೋಗೋ, ನಿಂದು ಮೊರದಂಥ ಕಿವಿ. ಅದು ನಂದು" ಎಂದ. ವಕೀಲರೊಬ್ಬರು ಕನ್ನಡಕ ತೆಗೆದು ತಮ್ಮ ಕಿವಿ ತೋರಿಸಿದರು. ನಾನು ತಮ್ಮನನ್ನು ಕೇಳಿದೆ. ಅವನಿಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ.

ಫೋಟೋದ ಕೆಳಗೆ ಕುರ್ಚಿಯಲ್ಲಿದ್ದ ಆಯಮ್ಮ ವಾಲಿದ ಬಾಯಿಯನ್ನು ಅಂದು ಸೆರಗಿನಿಂದ ಮುಚ್ಚಿಕೊಳ್ಳಲಿಲ್ಲ.

"ಜಗಳ ಯಾಕ್ರೋ? ಒಬ್ಬೊಬ್ಬರೇ ಬಂದು ಬಗ್ಗಿ. ಹಿಡಿದು ನೋಡಿ ಹೇಳ್ತೀನಿ."

ವಕೀಲರೇ ಮೊದಲು ಬಗ್ಗಿದರು.