ಚನ್ನವೀರಪ್ಪನವರ ಕೆಮ್ಮು

ಜರ್ಮನಿಯ ಡ್ಯೂಸೆಲ್ಡಾರ್ಫಿನ ಕಾರು ಕಂಪನಿಯೊಂದರಲ್ಲಿ ಬ್ರೇಕು ಪರೀಕ್ಷಿಸುವ ಗದಗಿನ ಚನ್ನವೀರಪ್ಪನವರಿಗೆ ನೆಗಡಿಯಿಲ್ಲ, ದಮ್ಮಿಲ್ಲ, ಆದರೂ ಕೆಮ್ಮುತ್ತಾರೆ. ಟಿ.ವಿ.ಯಲ್ಲಿ ಯಾರಾದರೂ ಮುತ್ತಿಟ್ಟರೆ ಒಂದು ಕೆಮ್ಮು, ಬಸ್ ಸ್ಟಾಪಿನಲ್ಲಿ ಒಳಉಡುಪಿನ ಜಾಹೀರಾತು ಕಂಡರೆ ಎರಡು. ಟ್ರಾಮಿನಲ್ಲಿ ಜೋಡಿಯೊಂದು ತಬ್ಬಿ ನಿಂತರಂತೂ ಇಳಿಯುವ ತನಕ ಕೆಮ್ಮೇ ಕೆಮ್ಮು. ಒಂಬತ್ತು ವರ್ಷದ ಮಗಳು ಸಂಜನಾ, "ಅಪ್ಪಾ, ಕೂಸು ಹೊಟ್ಟ್ಯಾಗ ಹೆಂಗ ಬರತೈತಿ?" ಎಂದು ಕೇಳಿದ ದಿನ ಹೆಂಡತಿ ಬಿಸಿನೀರು ಕಾಸಿ ತರಬೇಕಾಯಿತು. "ಕೆಮ್ಮೂದು ಸಾಕು, ಅಕಿಗೆ ಖರೇ ಹೇಳ್ರಲಾ," ಅಂದಳು, ಅವರು ಮತ್ತೆ ಕೆಮ್ಮಿದರು. ಈಗ ಶಾಲೆಯಲ್ಲಿ ಲೈಂಗಿಕ ಶಿಕ್ಷಣದ ಪಾಠ ಶುರುವಾಗಲಿದೆ ಎಂಬ ಪತ್ರ ಬಂದದ್ದೇ ತಡ, ಮಗಳನ್ನು ಅದಕ್ಕೆ ಕೂರಿಸಬೇಡಿ ಎಂದು ಅರ್ಜಿ ಬರೆದು ಪೋಷಕರ ಸಭೆಗೆ ಬಂದು, ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಮಡಚಿ ಕೂತಿದ್ದಾರೆ. ಮಕ್ಕಳು ಹೆಸರು ಬರೆಯದೆ ಡಬ್ಬಿಗೆ ಹಾಕಿದ ಪ್ರಶ್ನೆಗಳನ್ನು ಟೀಚರ್ ಓದುತ್ತಿದ್ದಾರೆ. ಮೂರನೆಯ ಚೀಟಿ: "ಕೇಳಿದರೆ ಅಪ್ಪ ಕೆಮ್ಮುತ್ತಾರೆ. ನಾನು ಯಾರನ್ನು ಕೇಳಲಿ?" ಎಲ್ಲರೂ ನಕ್ಕು, ಆ ಅಪ್ಪ ಯಾರಿರಬಹುದೆಂದು ಸುತ್ತ ನೋಡುತ್ತಿದ್ದಾರೆ. ಅರ್ಜಿಯನ್ನು ಮುಷ್ಟಿಯಲ್ಲಿ ಹಿಡಿದ ಚನ್ನವೀರಪ್ಪನವರ ಗಂಟಲಿಗೆ, ಈ ಸಲ ನಿಜವಾದ ಕೆಮ್ಮೇ ಬಂದು ನಿಂತಿದೆ.