ಹಾಲಮ್ಮ ಟೀಚರ್ ಓದುವ ದೆವ್ವದ ಕತೆ
ಕೊಟ್ಟೂರಿನ ಲೈಬ್ರರಿಗೆ ತೊಂಬತ್ತೆಂಟರಲ್ಲಿ ಕೆಲಸಕ್ಕೆ ಸೇರಿದ ಸುಮಲತಾ, ಅಂಗನವಾಡಿ ಟೀಚರ್ ಹಾಲಮ್ಮನಂಥ ಓದುಗರನ್ನು ಮತ್ತೆಲ್ಲೂ ಕಂಡಿರಲಿಲ್ಲ. ಐವತ್ತು ದಾಟಿದ ಹಾಲಮ್ಮ ಸಂಜೆ ಮಕ್ಕಳನ್ನು ಮನೆಗೆ ಕಳಿಸಿ ನೇರ ಇಲ್ಲಿಗೇ ಬಂದು, ಬೆನ್ನ ಹಿಂದೆ ಯಾರೂ ಸುಳಿಯದಂತೆ ಕುರ್ಚಿಯನ್ನು ಗೋಡೆಗೆ ಒತ್ತಿಕೊಂಡು, ಸೆರಗಿನ ಮರೆಯಲ್ಲಿ ಮಂಡಕ್ಕಿ ಮುಕ್ಕುತ್ತ, ನೂರು ವರ್ಷದ ಹಿಂದೆ ಸತ್ತ ಪರದೇಶದ ಲೇಖಕನೊಬ್ಬನ ದೆವ್ವದ ಕತೆಗಳ ಅನುವಾದ ಓದುತ್ತಿದ್ದರು. "ಬ್ಯಾಡ್ಲೇ ಹುಚ್ಚಿ, ಆ ಬಾಗಿಲಾ ತೆಗಿಬ್ಯಾಡ!" ಎಂದು ಪುಸ್ತಕದೊಳಗಿನ ಹುಡುಗಿಯನ್ನು ಗದರಿದರೆ, ಪೇಪರ್ ಓದುತ್ತಿದ್ದ ಹಿರಿಯರ ಕನ್ನಡಕ ಜಾರುತ್ತಿತ್ತು. ಅಲ್ಲಿ ಇದ್ದದ್ದು ಅವನ ನಾಲ್ಕೇ ಪುಸ್ತಕ; ಮುಗಿದರೆ ಮತ್ತೆ ಮೊದಲಿನಿಂದ. ಹೊಸಬರ ದೆವ್ವದ ಕಾದಂಬರಿ ಕೊಟ್ಟರೆ ಮರುದಿನವೇ ವಾಪಸು: "ಇದರಾಗ ಬರೇ ರಕ್ತ ಐತವ್ವ, ದೆವ್ವಾನ ಇಲ್ಲ." ಒಂದು ದಿನ ಸುಮಲತಾ ನಗುತ್ತಲೇ ಕೇಳಿದಳು, "ಟೀಚರ್, ಈ ಮುದುಕನ ಕತಿಯಾಗ ಅಂಥಾದ್ದೇನೈತ್ರಿ?" ಹಾಲಮ್ಮ ಪುಟದಿಂದ ಕಣ್ಣೆತ್ತದೆ ಹೇಳಿದರು: "ಮದುವಿ ಆದ ವರ್ಷ ನನಗ ಸತ್ತ ಕೂಸು ಹುಟ್ಟಿತವ್ವ. ಅಳು ನಿಲ್ಲಲೇ ಇಲ್ಲ. ದೆವ್ವ ಬಡದೈತಿ ಅಂತ ಕಂಬಕ್ಕ ಕಟ್ಟಿ, ಬಿಟ್ಟು ಹೋಗ್ತೀಯೋ ಇಲ್ಲೋ ಅಂತ ಬೇವಿನ ಟೊಂಗಿಲೆ ಹೊಡದ್ರು. ಯಾಕ ಅಳ್ತಿ ಅಂತ ಒಬ್ರೂ ಕೇಳಲಿಲ್ಲ. ಈ ಪುಣ್ಯಾತ್ಮ ನೋಡು, ದೆವ್ವ ಬಂದ್ರೂ ಕುಂದ್ರಿಸಿ, ನಿನಗೇನಾತು ಅಂತ ಕೇಳ್ತಾನ." ಸುಮಲತಾಳಿಗೆ ಮುಖದ ಮೇಲಿನ ನಗು ಎಲ್ಲಿ ಅಡಗಿಸಬೇಕೆಂದು ತಿಳಿಯಲಿಲ್ಲ. ಎದುರಿಗೆ ಕೂತು ಮೆಲ್ಲಗೆ ಕೇಳಿದಳು, "ಕೂಸು ಗಂಡೇನ್ರಿ, ಹೆಣ್ಣೇನ್ರಿ, ಟೀಚರ್?" ಹಾಲಮ್ಮ ಪುಸ್ತಕ ಮುಚ್ಚಿದರು.